ಸೋತಾಗ ಬೈಯೋದು ಕೋಚನ್ನೇ ಯಾಕೆ?

2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಬೆಂಗಳೂರು ಎಫ್‌ಸಿ ಕೇರಳ ಬ್ಲಾಸ್ಟರ್ಸ್ ಎದುರು 2-1ರಿಂದ ಸೋತಾಗ ತೊಗರ್ಸಿಯ ನಮಗೂ ಹೊಟ್ಟೆ ಉರಿಯಿತು. ಕಾಸರಗೋಡಿನ ನೆಂಟರು ಫೋನ್ ಮಾಡಿ ಕಿಚಾಯಿಸಿದ್ದು ಬೇರೆ! ಸಿಟ್ಟೆಲ್ಲ ಕೋಚ್ ಸೈಮನ್ ಗ್ರೇಸನ್ ಮೇಲೆ ತಿರುಗಿತು. ಹಿಂದಿನ ವರ್ಷ ಡುರಾಂಡ್ ಕಪ್ ಗೆಲ್ಲಿಸಿದವರೂ ಅವರೇ ಅನ್ನೋದು ಯಾರಿಗೂ ನೆನಪಾಗಲಿಲ್ಲ.

ಡಿಸೆಂಬರ್‌ನಲ್ಲಿ ಮುಂಬೈ ಎದುರು 4-0 ಸೋಲಾದ ಮೇಲೆ ಅವರನ್ನು ಕಳಿಸಿದರು. ಆದರೂ ತಂಡ ಮುಗಿಸಿದ್ದು 10ನೇ ಸ್ಥಾನದಲ್ಲಿ. ಹೊಸ ಕೋಚ್ ಝರಗೋಝಾ ಅವರಿಗೆ ಮತ್ತೊಂದು ಸೀಸನ್ ಕೊಟ್ಟಾಗಲೇ ಫೈನಲ್ ಕಂಡದ್ದು.

ಪ್ರಶ್ನೆ ಕೇಳೋಣ, ತಪ್ಪಲ್ಲ. ಆದರೆ ಮಕ್ಕಳ ಮುಂದೆ ಬೈಗುಳ ಬೇಡ. ಊರಿನ ಮೈದಾನದಲ್ಲಿ ಬಿಡಿಗಾಸು ಪಡೆಯದೆ ಅವರಿಗೆ ಆಟ ಕಲಿಸುವವರ ಮೇಲೂ ನಾಳೆ ಅದೇ ಮಾತು ಬೀಳುತ್ತೆ.