ವಿದ್ಯುನ್ಮಾನ ನೋಂದಣಿ: ವಕೀಲರ ಕಚೇರಿಗಳ ಮುಂದಿರುವ ಹೊಸ ಹೊಣೆ

ಕರ್ನಾಟಕದಲ್ಲಿ ಸ್ಥಿರಾಸ್ತಿ ವರ್ಗಾವಣೆಯ ಕ್ರಮವು ಕಳೆದ ಎರಡೂವರೆ ದಶಕಗಳಲ್ಲಿ ಬಹುಮಟ್ಟಿಗೆ ಬದಲಾಗಿದೆ. ‘ಭೂಮಿ’ ಯೋಜನೆಯು ಪಹಣಿಯನ್ನು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಿಂದ ಗಣಕಯಂತ್ರಕ್ಕೆ ತಂದಿತು. 2003ರ ಸುಮಾರಿಗೆ ‘ಕಾವೇರಿ’ ತಂತ್ರಾಂಶವು ಉಪನೋಂದಣಿ ಕಚೇರಿಗಳನ್ನು ಪ್ರವೇಶಿಸಿತು. ನಕಲಿ ಛಾಪಾ ಕಾಗದದ ಹಗರಣವು ಹಳೆಯ ಪದ್ಧತಿಯ ಮೇಲಿನ ವಿಶ್ವಾಸವನ್ನೇ ಅಲುಗಾಡಿಸಿದ ಬಳಿಕ, 2008ರಲ್ಲಿ ಇ-ಸ್ಟಾಂಪಿಂಗ್ ಜಾರಿಗೆ ಬಂದಿತು. 2023ರಲ್ಲಿ ‘ಕಾವೇರಿ 2.0’ ರಾಜ್ಯದ ಎಲ್ಲ ಉಪನೋಂದಣಿ ಕಚೇರಿಗಳಿಗೂ ವಿಸ್ತರಿಸಿತು. 2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯ ವ್ಯಾಪ್ತಿಯೊಳಗೆ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಪತ್ರ ನೋಂದಾಯಿಸುವ ಅವಕಾಶ ಎಲ್ಲ ಜಿಲ್ಲೆಗಳಿಗೂ ದೊರೆಯಿತು.

ಹೊಸ ವ್ಯವಸ್ಥೆಯಲ್ಲಿ ಕ್ರಯಪತ್ರದ ಕರಡನ್ನು ಮೊದಲೇ ಅಂತರಜಾಲದ ಮೂಲಕ ಸಲ್ಲಿಸಲಾಗುತ್ತದೆ. ಉಪನೋಂದಣಾಧಿಕಾರಿಗಳು ಅದನ್ನು ಪರಿಶೀಲಿಸಿದ ನಂತರ ಮುದ್ರಾಂಕ ಶುಲ್ಕ ಹಾಗೂ ನೋಂದಣಿ ಶುಲ್ಕವನ್ನು ಪಾವತಿಸಿ, ದಿನ ಮತ್ತು ಸಮಯವನ್ನು ಕಾಯ್ದಿರಿಸಬೇಕು. ಕಚೇರಿಗೆ ಹೋಗುವುದು ಭಾವಚಿತ್ರ, ಹೆಬ್ಬೆರಳಿನ ಗುರುತು ಹಾಗೂ ಸಹಿಗಾಗಿ ಮಾತ್ರ. ಋಣಭಾರ ಪ್ರಮಾಣಪತ್ರವೂ ಡಿಜಿಟಲ್ ಸಹಿಯೊಂದಿಗೆ ಮನೆಯಲ್ಲೇ ದೊರೆಯುತ್ತದೆ. ಹೀಗಿರುವಾಗ ‘ವಕೀಲರಿಗೆ ಹಣ ಕೊಡುವ ಅಗತ್ಯವಾದರೂ ಏನು?’ ಎಂಬ ಪ್ರಶ್ನೆ ವರ್ತಕ ವಲಯದಲ್ಲಿ ಕೇಳಿಬರುತ್ತಿರುವುದು ಸಹಜವೇ ಆಗಿದೆ.

ಆದರೆ ಈ ಪ್ರಶ್ನೆಯಲ್ಲಿ ಒಂದು ತಪ್ಪು ಗ್ರಹಿಕೆ ಅಡಗಿದೆ. ಗಣಕಯಂತ್ರವು ವಕೀಲರ ಕಚೇರಿಯ ಗುಮಾಸ್ತಿಕೆಯ ಕೆಲಸವನ್ನು ಹಗುರಗೊಳಿಸಿದೆಯೇ ಹೊರತು, ಹಕ್ಕಿನ ಪರಿಶೀಲನೆಯ ಹೊಣೆಯನ್ನಲ್ಲ. ಆ ಹೊಣೆ ಇನ್ನಷ್ಟು ಭಾರವಾಗಿದೆ. ಇದನ್ನು ಅರಿತು ಕಾರ್ಯವಿಧಾನವನ್ನು ಬದಲಿಸಿಕೊಳ್ಳುವ ಕಾನೂನು ಸಂಸ್ಥೆಗಳು ಮಾತ್ರ ಮುಂದಿನ ದಿನಗಳಲ್ಲಿ ವರ್ತಕರಿಗೆ ನಿಜವಾದ ನೆರವು ನೀಡಬಲ್ಲವು.

ನೋಂದಣಿ ಬೇರೆ, ಹಕ್ಕು ಬೇರೆ

1908ರ ನೋಂದಣಿ ಕಾಯಿದೆಯು ಪತ್ರಗಳನ್ನು ನೋಂದಾಯಿಸುತ್ತದೆ, ಹಕ್ಕನ್ನಲ್ಲ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ಪತ್ರದ ಮೂಲಕವೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ವಿಧಿಸುತ್ತದೆ. ಆದರೆ ಮಾರುವವನಿಗೇ ಇಲ್ಲದ ಹಕ್ಕನ್ನು ನೋಂದಣಿಯು ಸೃಷ್ಟಿಸಲಾರದು. 2025ರ ನವೆಂಬರ್ 7ರಂದು ಬಿಹಾರದ ನೋಂದಣಿ ನಿಯಮಗಳಿಗೆ ಸಂಬಂಧಿಸಿದ ಸಮೀಉಲ್ಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೋಂದಣಿ ಮತ್ತು ಮಾಲೀಕತ್ವದ ನಡುವಿನ ಈ ಅಂತರವನ್ನು ಎತ್ತಿ ಹೇಳಿ, ಬ್ಲಾಕ್‌ಚೈನ್‌ನಂತಹ ತಂತ್ರಜ್ಞಾನದ ಬಳಕೆಯ ಬಗ್ಗೆ ಕಾನೂನು ಆಯೋಗವು ಅಧ್ಯಯನ ನಡೆಸಬೇಕೆಂದು ಸೂಚಿಸಿತು.

ಆಸ್ಟ್ರೇಲಿಯಾದ ಸ್ಥಿತಿ ಬೇರೆ. ಅಲ್ಲಿ 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆರಂಭವಾದ ಟಾರೆನ್ಸ್ ಪದ್ಧತಿಯ ಪ್ರಕಾರ ಸರ್ಕಾರದ ದಾಖಲೆ ಪುಸ್ತಕದಲ್ಲಿರುವ ಹೆಸರೇ ಹಕ್ಕಿಗೆ ಆಧಾರ. ಆದುದರಿಂದ ಅಲ್ಲಿ ವಿದ್ಯುನ್ಮಾನ ವರ್ಗಾವಣೆ ಸುಲಭಸಾಧ್ಯವಾಯಿತು. ಆದರೂ ಅಲ್ಲಿನ ವಕೀಲರ ಹೊಣೆ ತಪ್ಪಲಿಲ್ಲ. ಕಕ್ಷಿದಾರನ ಗುರುತನ್ನು ಖಚಿತಪಡಿಸಿಕೊಂಡು, ಆತನಿಂದ ಲಿಖಿತ ಅಧಿಕಾರವನ್ನು ಪಡೆದು, ಆ ದಾಖಲೆಗಳನ್ನು ಕನಿಷ್ಠ 7 ವರ್ಷ ಕಾಯ್ದಿಡುವುದು ಅವರ ಕರ್ತವ್ಯ. ಹಕ್ಕಿಗೆ ಸರ್ಕಾರದ ಖಾತರಿ ಇರುವ ದೇಶದಲ್ಲೇ ಇಷ್ಟು ಎಚ್ಚರವಿರುವಾಗ, ಖಾತರಿ ಇಲ್ಲದ ನಮ್ಮಲ್ಲಿ ಎಷ್ಟಿರಬೇಕೆಂಬುದನ್ನು ಊಹಿಸಬಹುದು.

ಪರದೆಯ ಮೇಲೆ ಕಾಣದಿರುವುದು

ಅಂತರಜಾಲದಲ್ಲಿ ಸುಲಭವಾಗಿ ದೊರೆಯುವ ಋಣಭಾರ ಪ್ರಮಾಣಪತ್ರವು ಸಾಮಾನ್ಯವಾಗಿ 2003-04ರಿಂದ ಈಚಿನ ವ್ಯವಹಾರಗಳಿಗೆ ಸೀಮಿತ. ಅದಕ್ಕೂ ಹಿಂದಿನವು ಕೈಬರಹದ ಸಂಪುಟಗಳಿಗೆ ಸೇರಿದವು. ಆದರೆ ಅಡಮಾನ ಬಿಡಿಸಿಕೊಳ್ಳಲು 1963ರ ಕಾಲಪರಿಮಿತಿ ಕಾಯಿದೆಯು 30 ವರ್ಷಗಳ ಅವಕಾಶ ನೀಡುವುದರಿಂದ, ಪರಿಶೀಲನೆಯೂ ಕನಿಷ್ಠ ಅಷ್ಟು ಹಿಂದಕ್ಕೆ ಹೋಗಬೇಕು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಪಡೆದ ಸಾಲವು ಋಣಭಾರ ಪ್ರಮಾಣಪತ್ರದಲ್ಲಿ ಯಾವಾಗಲೂ ಕಾಣಿಸಿಕೊಳ್ಳುತ್ತದೆ ಎನ್ನಲಾಗದು. ಅದಕ್ಕಾಗಿ 2011ರಲ್ಲಿ ಆರಂಭವಾದ ಕೇಂದ್ರ ನೋಂದಣಿ ವ್ಯವಸ್ಥೆ ‘ಸೆರ್ಸಾಯ್’ನಲ್ಲಿ ಪ್ರತ್ಯೇಕವಾಗಿ ಹುಡುಕಬೇಕು. ಮಾರುವವರು ಕಂಪನಿಯಾಗಿದ್ದಲ್ಲಿ ಕಂಪನಿ ರಿಜಿಸ್ಟ್ರಾರ್ ಬಳಿಯಿರುವ ಋಣಭಾರದ ದಾಖಲೆಯನ್ನೂ ನೋಡಬೇಕು.

ಒಂದು ನಿದರ್ಶನವನ್ನು ಪರಿಶೀಲಿಸಬಹುದು. ಸಣ್ಣ ಕೈಗಾರಿಕೆಯ ಮಾಲೀಕರೊಬ್ಬರು ಪಟ್ಟಣದ ಹೊರವಲಯದಲ್ಲಿ ಒಂದು ಶೆಡ್ ಖರೀದಿಸುತ್ತಾರೆಂದು ಭಾವಿಸೋಣ. ಭೂಪರಿವರ್ತನೆ ಆಗಿದೆ, ಇ-ಖಾತೆ ಇದೆ, 2004ರಿಂದ ಈಚಿನ ಋಣಭಾರ ಪ್ರಮಾಣಪತ್ರವೂ ಶುದ್ಧವಾಗಿದೆ. ಆದರೆ ಆ ಜಮೀನು ದಶಕಗಳ ಹಿಂದೆ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರದಿಂದ ಮಂಜೂರಾಗಿ, ಷರತ್ತುಗಳನ್ನು ಮೀರಿ ಮಾರಾಟವಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯಿದೆಯನ್ವಯ ಆ ಮಾರಾಟವೇ ಅಸಿಂಧು. 2023ರ ತಿದ್ದುಪಡಿಯು ಇಂತಹ ಜಮೀನನ್ನು ಹಿಂದಕ್ಕೆ ಕೇಳಲು ಕಾಲಮಿತಿ ಅಡ್ಡಿಯಾಗದೆಂದು ಹೇಳಿದೆ. ಈ ತಿದ್ದುಪಡಿಯ ವ್ಯಾಪ್ತಿಯ ಕುರಿತು ನ್ಯಾಯಾಲಯಗಳಲ್ಲಿ ವಾದವೂ ನಡೆದಿದೆ. ಮಂಜೂರಾತಿಯ ಕಡತವು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತದೆ. ಅದನ್ನು ತೆಗೆಸಿ ಓದಿದವರಿಗೆ ಮಾತ್ರ ಸತ್ಯ ತಿಳಿಯುತ್ತದೆ. ಅಪ್ರಾಪ್ತ ವಯಸ್ಕರ ಪಾಲು, ವಿಭಾಗಪತ್ರದಲ್ಲಿ ಬಿಟ್ಟುಹೋದ ಹೆಣ್ಣುಮಕ್ಕಳ ಹಕ್ಕು ಮುಂತಾದವುಗಳೂ ಇದೇ ಬಗೆಯವು.

ಖಾತೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ನೋಂದಣಿಗೆ ಇ-ಖಾತೆ ಬೇಕೆಂಬ ಕ್ರಮವು ನಕಲಿ ಮಾರಾಟಗಳನ್ನು ತಡೆಯುವಲ್ಲಿ ಉಪಯುಕ್ತ. ಆದರೆ ಖಾತೆಯು ತೆರಿಗೆ ವಸೂಲಿಗಾಗಿ ಇರುವ ದಾಖಲೆಯೇ ವಿನಾ ಮಾಲೀಕತ್ವದ ಪುರಾವೆಯಲ್ಲ.

ಕಾನೂನು ಸಂಸ್ಥೆಗಳು ಮಾಡಿಕೊಳ್ಳಬೇಕಾದ ಮಾರ್ಪಾಡು

ಮೊದಲನೆಯದಾಗಿ, ಕೆಲಸದ ಅನುಕ್ರಮ ಬದಲಾಗಬೇಕು. ಹಿಂದೆ ಕರಡಿನ ತಿದ್ದುಪಡಿ ನೋಂದಣಿಯ ದಿನದವರೆಗೂ ನಡೆಯುತ್ತಿತ್ತು. ಈಗ ಕರಡು ಸಲ್ಲಿಸುವುದಕ್ಕೆ ಮೊದಲೇ ಹಕ್ಕಿನ ಪರಿಶೀಲನೆ ಪೂರ್ಣಗೊಳ್ಳಬೇಕು. ಜೊತೆಗೆ, ಕ್ರಯಪತ್ರವನ್ನು ಓದುವಷ್ಟೇ ಶ್ರದ್ಧೆಯಿಂದ ಗಣಕಯಂತ್ರದಲ್ಲಿ ತುಂಬಿದ ವಿವರಗಳನ್ನೂ ಓದಬೇಕು. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ, ಪತ್ರ ಸರಿಯಿದ್ದರೂ ಮುಂದೆ ಆ ಆಸ್ತಿಯ ಋಣಭಾರವನ್ನು ಹುಡುಕುವವರಿಗೆ ವ್ಯವಹಾರವೇ ಕಾಣಿಸದೆ ಹೋಗಬಹುದು. ಚಕ್ಕುಬಂದಿ ಮತ್ತು ಅಳತೆ ತಪ್ಪಿದರೆ ತಿದ್ದುಪಡಿ ಪತ್ರಕ್ಕಾಗಿ ಮಾರಿದವರನ್ನು ಮತ್ತೆ ಕರೆತರಬೇಕಾದ ಪ್ರಸಂಗ ಬರುತ್ತದೆ.

ಎರಡನೆಯದಾಗಿ, ದಾಖಲೆಗಳ ಮೂಲವನ್ನು ಪರೀಕ್ಷಿಸುವ ರೂಢಿ ಬೆಳೆಯಬೇಕು. ಮಾರುವವರು ತಂದುಕೊಟ್ಟ ಮುದ್ರಿತ ಪ್ರತಿಗಳನ್ನು ನಂಬದೆ, ಕಚೇರಿಯೇ ನೇರವಾಗಿ ಸರ್ಕಾರಿ ಜಾಲತಾಣದಿಂದ ಪ್ರತಿಗಳನ್ನು ಪಡೆಯಬೇಕು. ಅರ್ಜಿಗಳನ್ನು ಕಕ್ಷಿದಾರರ ಸ್ವಂತ ಮೊಬೈಲ್ ಸಂಖ್ಯೆಯಿಂದಲೇ ಸಲ್ಲಿಸಬೇಕು. ಅನುಕೂಲಕ್ಕೆಂದು ಗುಮಾಸ್ತರ ಸಂಖ್ಯೆ ಬಳಸಿದರೆ, ಆ ಗುಮಾಸ್ತರು ಕೆಲಸ ಬಿಟ್ಟುಹೋದಾಗ ತೊಡಕು ಉಂಟಾಗುತ್ತದೆ.

ಮೂರನೆಯದಾಗಿ, ಗೋಪ್ಯತೆಯ ರಕ್ಷಣೆ. 2023ರಲ್ಲಿ ನೋಂದಾಯಿತ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ದುರುಪಯೋಗಪಡಿಸಿಕೊಂಡು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ದೋಚಿದ ಪ್ರಕರಣಗಳು ರಾಜ್ಯದಲ್ಲಿ ಬೆಳಕಿಗೆ ಬಂದವು. ವಕೀಲರ ಕಚೇರಿಯ ಗಣಕಯಂತ್ರದಲ್ಲಿ ನೂರಾರು ಕಕ್ಷಿದಾರರ ಬೆರಳಚ್ಚು, ಆಧಾರ್, ಪ್ಯಾನ್ ಪ್ರತಿಗಳಿರುತ್ತವೆ. ಅವುಗಳನ್ನು ಯಾರು ತೆರೆಯಬಹುದು, ಎಷ್ಟು ಕಾಲ ಇಡಬೇಕು ಎಂಬ ಲಿಖಿತ ನಿಯಮ ಸಣ್ಣ ಕಚೇರಿಗೂ ಅವಶ್ಯ. ಹಣ ಪಾವತಿಯ ಬ್ಯಾಂಕ್ ಖಾತೆ ಬದಲಾಗಿದೆಯೆಂದು ಇ-ಮೇಲ್ ಬಂದರೆ, ದೂರವಾಣಿಯಲ್ಲಿ ಮಾತನಾಡಿ ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು.

ನಾಲ್ಕನೆಯದಾಗಿ, ಕರಾರುಪತ್ರಗಳ ಒಕ್ಕಣೆ ಕಾಲಕ್ಕೆ ತಕ್ಕಂತಿರಬೇಕು. 2025ರ ಜನವರಿಯಲ್ಲಿ ‘ಕಾವೇರಿ 2.0’ರ ಮೇಲೆ ಸೈಬರ್ ದಾಳಿ ನಡೆದು ನೋಂದಣಿ ಕಾರ್ಯ ಅಸ್ತವ್ಯಸ್ತಗೊಂಡಿತು. ಇಂತಹ ಸಂದರ್ಭದಲ್ಲಿ ಕರಾರಿನ ಅವಧಿ ಮುಗಿದು ಮುಂಗಡ ಮುಟ್ಟುಗೋಲಾಗುವ ಭೀತಿ ಖರೀದಿದಾರರಿಗಿರುತ್ತದೆ. ಜಾಲತಾಣ ಸ್ಥಗಿತಗೊಂಡ ದಿನಗಳನ್ನು ಅವಧಿಯಿಂದ ಹೊರಗಿಡುವ ಒಂದು ವಾಕ್ಯ ಕರಾರಿನಲ್ಲಿದ್ದರೆ ಈ ಭೀತಿ ಇರದು. ಸ್ಥಿರಾಸ್ತಿ ಮಾರಾಟದ ಕರಾರುಗಳನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. 2022ರ ಅಧಿಸೂಚನೆಯು ಆ ನಿರ್ಬಂಧವನ್ನು ತೆಗೆದುಹಾಕಿತು. ಆದ್ದರಿಂದ ಮಾತುಕತೆಯ ಹಂತದ ಇ-ಮೇಲ್‌ಗಳಲ್ಲಿ ‘ಇದು ಅಂತಿಮ ಒಪ್ಪಿಗೆಯಲ್ಲ’ ಎಂದು ನಮೂದಿಸುವ ಶಿಸ್ತನ್ನು ವಕೀಲರು ಕಕ್ಷಿದಾರರಿಗೆ ಕಲಿಸಬೇಕಾಗಿದೆ.

ಐದನೆಯದಾಗಿ, ನೋಂದಣಿಯೊಂದಿಗೆ ಕೆಲಸ ಮುಗಿಯಿತೆಂಬ ಭಾವನೆ ಹೋಗಬೇಕು. ಹಕ್ಕು ಬದಲಾವಣೆ ಆಗಿದೆಯೇ, ಖಾತೆಗೆ ಹೊಸ ಹೆಸರು ಬಂದಿದೆಯೇ, ಕಂಪನಿಯು ಆಸ್ತಿಯನ್ನು ಅಡಮಾನವಿಟ್ಟಿದ್ದರೆ 30 ದಿನಗಳೊಳಗೆ ಋಣಭಾರ ನೋಂದಣಿಗೆ ಅರ್ಜಿ ಸಲ್ಲಿಸಲಾಗಿದೆಯೇ ಎಂಬುದನ್ನು ಅನುಸರಿಸಿ ನೋಡಬೇಕು. 50 ಲಕ್ಷ ರೂಪಾಯಿ ಹಾಗೂ ಮೇಲ್ಪಟ್ಟ ಖರೀದಿಯಲ್ಲಿ ಶೇ. 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸುವುದು, ಮಾರ್ಗಸೂಚಿ ಬೆಲೆಗೂ ಕ್ರಯದ ಮೊತ್ತಕ್ಕೂ ಇರುವ ವ್ಯತ್ಯಾಸದಿಂದ ಉಂಟಾಗುವ ತೆರಿಗೆ ಇತ್ಯಾದಿಗಳನ್ನು ಲೆಕ್ಕಪರಿಶೋಧಕರೊಡನೆ ಕರಡಿನ ಹಂತದಲ್ಲೇ ಚರ್ಚಿಸಬೇಕು. ವಕೀಲ, ಲೆಕ್ಕಪರಿಶೋಧಕ ಹಾಗೂ ಭೂಮಾಪಕ ಈ ಮೂವರೂ ಒಂದೇ ಕಡತದ ಮೇಲೆ ಕೆಲಸ ಮಾಡುವ ವ್ಯವಸ್ಥೆ ಜಿಲ್ಲಾ ಕೇಂದ್ರಗಳಲ್ಲಿಯೂ ರೂಪುಗೊಳ್ಳಬೇಕು.

ಶುಲ್ಕದ ಪ್ರಶ್ನೆ

ಇಷ್ಟೆಲ್ಲ ಕೆಲಸಕ್ಕೆ ಹಳೆಯ ಕಾಲದ ‘ಪತ್ರ ಬರೆದ ಕೂಲಿ’ ಸಾಲದು. ಕ್ರಯದ ಮೊತ್ತದ ಮೇಲೆ ಶೇಕಡಾವಾರು ಶುಲ್ಕ ಕೇಳುವುದೂ ಸಮಂಜಸವಲ್ಲ. ಕೆಲಸದ ಪ್ರಮಾಣಕ್ಕೂ ಆಸ್ತಿಯ ಬೆಲೆಗೂ ಸಂಬಂಧವಿಲ್ಲ. ಹಕ್ಕಿನ ಪರಿಶೀಲನೆ, ಕರಡು ರಚನೆ, ನೋಂದಣಿಯ ನೆರವು, ನಂತರದ ಅನುಸರಣೆ ಎಂದು ನಾಲ್ಕು ಭಾಗ ಮಾಡಿ, ಪ್ರತಿಯೊಂದಕ್ಕೂ ಮೊದಲೇ ದರ ತಿಳಿಸುವುದು ನ್ಯಾಯಯುತ. ವಿವರಗಳನ್ನು ತಾವೇ ತುಂಬಬಲ್ಲ ವರ್ತಕರು ಆ ಭಾಗದ ಶುಲ್ಕ ಉಳಿಸಿಕೊಳ್ಳಲಿ. ಪರಿಶೀಲನೆಯ ಭಾಗವನ್ನು ಮಾತ್ರ ಬಿಡದಿರಲಿ.

ವರ್ತಕರೂ ಇಲ್ಲಿ ತಮ್ಮ ಲೆಕ್ಕವನ್ನು ಸರಿಯಾಗಿ ಹಾಕಬೇಕು. ಒಂದು ಕೋಟಿ ರೂಪಾಯಿಯ ಶೆಡ್‌ಗೆ ಶೇ. 5ರಂತೆ 5 ಲಕ್ಷ ರೂಪಾಯಿ ಮುದ್ರಾಂಕ ಶುಲ್ಕ ತೆರಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವು ಶೇ. 1ರಿಂದ ಶೇ. 2ಕ್ಕೆ ಏರಿದ್ದರಿಂದ ಅದಕ್ಕೆ 2 ಲಕ್ಷ. ಉಪಕರ, ಅಧಿಭಾರಗಳು ಪ್ರತ್ಯೇಕ. ಇಷ್ಟನ್ನು ತೆತ್ತು, ಹಕ್ಕಿನ ಪರಿಶೀಲನೆಗೆ ಕೆಲವು ಸಾವಿರ ರೂಪಾಯಿಗಳ ವಿಷಯದಲ್ಲಿ ಚೌಕಾಶಿ ಮಾಡುವುದು ಜಾಣತನವಲ್ಲ. ಆಸ್ತಿಯ ಹಕ್ಕಿನಲ್ಲಿ ದೋಷ ಕಂಡುಬಂದರೆ ಬ್ಯಾಂಕು ಅದರ ಆಧಾರದ ಮೇಲೆ ಸಾಲ ಕೊಡದು. ಸಣ್ಣ ಉದ್ಯಮಿಯ ದುಡಿಯುವ ಬಂಡವಾಳದ ಮೂಲವೇ ಬತ್ತುತ್ತದೆ. ತೆತ್ತ ಶುಲ್ಕವೂ ಹಿಂದಿರುಗುವುದಿಲ್ಲ.

ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆಯು 1908ರ ಕಾಯಿದೆಯ ಬದಲಿಗೆ ಅಂತರಜಾಲ ನೋಂದಣಿಗೆ ಅವಕಾಶ ನೀಡುವ ಹೊಸ ನೋಂದಣಿ ಮಸೂದೆಯ ಕರಡನ್ನು 2025ರ ಮೇ ತಿಂಗಳಿನಲ್ಲಿ ಸಾರ್ವಜನಿಕರ ಮುಂದಿಟ್ಟಿತು. ವ್ಯವಸ್ಥೆ ಸಾಗುತ್ತಿರುವ ದಿಕ್ಕು ಇದರಿಂದ ಸ್ಪಷ್ಟ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ವಕೀಲರ ಸಂಘಗಳೊಡನೆ ಸೇರಿ ಸದಸ್ಯರಿಗೆ ಹಾಗೂ ಕಚೇರಿ ಗುಮಾಸ್ತರಿಗೆ ತರಬೇತಿ ಶಿಬಿರ ಏರ್ಪಡಿಸುವುದು, ಹಕ್ಕಿನ ಪರಿಶೀಲನೆಗೆ ಒಂದು ಸಮಾನ ಪಟ್ಟಿಯನ್ನು ಸಿದ್ಧಪಡಿಸುವುದು ಈಗಲೇ ಆಗಬೇಕಾದ ಕೆಲಸ. ಯಂತ್ರವು ಪತ್ರವನ್ನು ಕ್ಷಣಾರ್ಧದಲ್ಲಿ ದಾಖಲಿಸಬಲ್ಲದು. ಆ ಪತ್ರದ ಹಿಂದಿನ ಹಕ್ಕು ನಿಜವೇ ಎಂಬುದನ್ನು ಓದಿ ತಿಳಿದು ಹೇಳುವ ಹೊಣೆ ಮನುಷ್ಯರದ್ದೇ. ಆ ಹೊಣೆಯನ್ನು ಹೊರಲು ಸಿದ್ಧವಿರುವ ವಕೀಲರನ್ನು ಆರಿಸಿಕೊಂಡು, ಅವರಿಗೆ ತಕ್ಕ ಪ್ರತಿಫಲ ನೀಡುವುದು ವರ್ತಕರ ಹಿತಕ್ಕೇ ಒಳ್ಳೆಯದು.