ತಿರಸ್ಕರಿಸಿದ ವೀಸಾಕ್ಕೂ ಪೂರ್ತಿ ಶುಲ್ಕವೇ?

ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೊರಡುವ ಹಿರಿಯ ದಂಪತಿಯ ಫೈಲ್ ಬಿಚ್ಚಿ ನೋಡಿ: ಬ್ಯಾಂಕ್ ಸ್ಟೇಟ್‌ಮೆಂಟ್, ಪಿಂಚಣಿ ದಾಖಲೆ, ಆದಾಯ ತೆರಿಗೆ ರಿಟರ್ನ್ಸ್, ಅಳಿಯನ ಆಹ್ವಾನ ಪತ್ರ, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ. ಊರಿಗೆ ಮರಳುತ್ತೇವೆ ಎಂದು ನಂಬಿಸಲು ಜಮೀನಿನ ಪಹಣಿಯನ್ನು ಲಗತ್ತಿಸುವವರೂ ಉಂಟು.

ಇಷ್ಟಾದರೂ ವೀಸಾ ಖಾತರಿಯಿಲ್ಲ. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್ 11ರಿಂದ 80 ಯೂರೊದಿಂದ 90ಕ್ಕೆ ಏರಿದೆ. ಅರ್ಜಿ ತಿರಸ್ಕೃತವಾದರೆ ಬಿಡಿಗಾಸೂ ವಾಪಸಿಲ್ಲ. ಅರ್ಜಿ ಪಡೆಯುವ ಖಾಸಗಿ ಕೇಂದ್ರದ ಸೇವಾ ಶುಲ್ಕ ಬೇರೆ.

ಪರಿಶೀಲನೆಗೆ ಖರ್ಚು ತಗಲುತ್ತದೆ, ಒಪ್ಪೋಣ. ಆದರೆ ಅರ್ಜಿದಾರರ ಕೈಗೆ ಬರುವುದು ಮುದ್ರಿತ ನಮೂನೆ. ಅದರಲ್ಲಿ ಯಾವುದೋ ಕಾರಣದ ಮುಂದೆ ಒಂದು ಗುರುತು. ಮೇಲ್ಮನವಿಯ ಹಕ್ಕಿದೆ, ಆದರೆ ಅದನ್ನು ವೀಸಾ ನಿರಾಕರಿಸಿದ ದೇಶದ ಕಾನೂನಿನಂತೆ ಸಲ್ಲಿಸಬೇಕು. ನಿವೃತ್ತ ಮೇಷ್ಟ್ರೊಬ್ಬರು ಅಷ್ಟು ದೂರ ಅಲೆಯುತ್ತಾರೆಯೇ?

2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಭಾರತೀಯರಿಗೆ ನಿಯಮ ಸಡಿಲಿಸಿತು. ಹಿಂದಿನ 3 ವರ್ಷಗಳಲ್ಲಿ 2 ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ 2 ವರ್ಷದ, ಆಮೇಲೆ 5 ವರ್ಷದ ಬಹುಪ್ರವೇಶ ವೀಸಾ ಸಿಗಬಹುದು. ಒಳ್ಳೆಯ ಹೆಜ್ಜೆಯೇ. ಆದರೆ ಇದರ ಲಾಭ ಪದೇ ಪದೇ ಹಾರುವವರಿಗೆ. ಮೊದಲ ಬಾರಿ ವಿಮಾನ ಹತ್ತುವ ಅಜ್ಜ-ಅಜ್ಜಿಗೆ ಅಲ್ಲ.

ದೆಹಲಿ ಈ ವಿಷಯವನ್ನು ಮಾತುಕತೆಯ ಮೇಜಿಗೆ ತರಬೇಕು. ತಿರಸ್ಕರಿಸುವ ಮುನ್ನ ಕೊರತೆಯಿರುವ ದಾಖಲೆ ಒದಗಿಸಲು ಒಂದು ಅವಕಾಶ, ತಿರಸ್ಕರಿಸಿದರೆ ಅರ್ಧ ಶುಲ್ಕ ವಾಪಸ್: ಇಷ್ಟು ಕೇಳುವುದು ದುಬಾರಿ ಬೇಡಿಕೆಯೇನಲ್ಲ.