ಗಣಕಯಂತ್ರದ ಪೆಟ್ಟಿಗೆ ಬಿಚ್ಚುವ ಮುನ್ನ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದುಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ನಮ್ಮ ಹಳ್ಳಿಗಳಿಗೆ ಅದು ಬಂದದ್ದು ಬಹಳ ತಡವಾಗಿ. ತಡವಾಗಿ ಬಂದ ಈ ನೆಂಟನೊಡನೆ ಈಗ ಸಲಿಗೆ ಅತಿಯಾಗಿದೆಯೆಂಬುದು ಕಳೆದ ಬೇಸಿಗೆಯಲ್ಲಿ ಮದ್ದೂರಿನ ಬಂಧುಗಳೊಬ್ಬರ ಮನೆಯಲ್ಲಿ ನಮಗೆ ಮನದಟ್ಟಾಯಿತು.

ಆ ಮನೆಯ ಗಣಕಯಂತ್ರ ಕಾದು ಕಾದು ತಾನಾಗಿಯೇ ನಿಂತುಹೋಗುತ್ತಿತ್ತು. ಪಿ.ಯು.ಸಿ. ಓದುವ ಹುಡುಗನು ಸ್ಕ್ರೂಡ್ರೈವರ್ ಹಿಡಿದು, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ಕುಳಿತಿದ್ದನು. "ಪ್ಲಗ್ ಕಿತ್ತೆಯೇನಪ್ಪಾ?" ಎಂದು ಕೇಳಿದೆವು. "ಕರೆಂಟೇ ಇಲ್ವಲ್ಲ ದೊಡ್ಡಪ್ಪ" ಎಂದನು. ಮೇಜಿನ ಕೆಳಗೆ ಯು.ಪಿ.ಎಸ್. ಕೂಗುತ್ತಲೇ ಇತ್ತು! ಬೀದಿಯ ಕಂಬದಲ್ಲಿ ವಿದ್ಯುತ್ ಇಲ್ಲದಿದ್ದರೂ ಅದು ತನ್ನ ಬ್ಯಾಟರಿಯ ಬಲದಿಂದ ಯಂತ್ರಕ್ಕೆ 230 ವೋಲ್ಟಿನಷ್ಟೇ ಉಣಿಸುತ್ತಿರುತ್ತದೆ.

ಆದ್ದರಿಂದ ಮೊದಲ ಕೆಲಸವೆಂದರೆ ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಹೊರಗಿಡುವುದು. ಸ್ವಿಚ್ ಆರಿಸಿದರೆ ಸಾಲದು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಕೂಡಿಸಿರುವುದುಂಟು; ಆಗ ಸ್ವಿಚ್ ಆರಿಸಿದರೂ ಯಂತ್ರದೊಳಗೆ ಅಪಾಯ ಉಳಿದೇ ಇರುತ್ತದೆ. ಮಾನಿಟರ್, ಪ್ರಿಂಟರುಗಳ ತಂತಿಗಳನ್ನೂ ಬಿಡಿಸಿ, ಅನಂತರ ಚಾಲನೆಯ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯತಕ್ಕದ್ದು. ಒಳಗುಳಿದ ವಿದ್ಯುತ್ತು ಇದರಿಂದ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಪವರ್ ಸಪ್ಲೈ ಎಂಬ ಒಳಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಎಂದಿಗೂ ಬಿಚ್ಚಲಾಗದು. ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ನಿಂತಿರಬಹುದು. ಹಳೆಯ ದಪ್ಪ ಗಾಜಿನ ಮಾನಿಟರಿನ ಒಳಗಂತೂ ಸಾವಿರಾರು ವೋಲ್ಟು.

ಉಂಗುರ, ಕೈಗಡಿಯಾರ, ಬಳೆಗಳನ್ನು ತೆಗೆದಿಡಬೇಕು. ನಮ್ಮವರು ಇನ್ನೊಂದನ್ನು ಗಮನಿಸಬೇಕು: ಬಾಗಿದಾಗ ಕೊರಳಿನ ಬೆಳ್ಳಿಯ ಕರಡಿಗೆ ಮುಂದಕ್ಕೆ ಜೋಲುತ್ತದೆ. ಇಷ್ಟಲಿಂಗವನ್ನು ತೆಗೆದಿಡುವ ಮಾತೇ ಇಲ್ಲ. ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಂಡರಾಯಿತು.

ಇಷ್ಟೆಲ್ಲ ನಮ್ಮ ರಕ್ಷಣೆಗಾಯಿತು. ಯಂತ್ರಕ್ಕೂ ನಮ್ಮಿಂದ ಹಾನಿಯುಂಟು. ಒಣಹವೆಯಲ್ಲಿ ರೇಷ್ಮೆ, ಪಾಲಿಯೆಸ್ಟರ್ ಬಟ್ಟೆಗಳ ತಿಕ್ಕಾಟದಿಂದ ಮೈಯಲ್ಲಿ ಸೇರುವ ವಿದ್ಯುತ್ತು ನಮ್ಮ ಅರಿವಿಗೇ ಬಾರದಷ್ಟು ಅಲ್ಪವಾಗಿದ್ದರೂ ಸೂಕ್ಷ್ಮವಾದ ಚಿಪ್ಪುಗಳನ್ನು ಸುಡಬಲ್ಲದು. ಹತ್ತಿಯ ಉಡುಪು ಧರಿಸಿ, ಕೆಲಸದ ನಡುನಡುವೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟುತ್ತಿರಬೇಕು.

ಹೀಗೆ ಮುಟ್ಟೆಂದಾಗ ಹುಡುಗನು ಕೈ ಹಿಂದೆಳೆದನು. "ಮುಟ್ಟಿದ್ರೆ ಜುಮ್ ಅನ್ನುತ್ತೆ ದೊಡ್ಡಪ್ಪ. ಅದಕ್ಕೇ ಅಮ್ಮ ಕಾಲಡಿಗೆ ಮಣೆ ಇಟ್ಟಿದ್ದಾರೆ." ನಮ್ಮ ಎದೆ ಧಸಕ್ಕೆಂದಿತು. ಪ್ಲಗ್ಗಿಗೆ ಮೂರು ಕಾಲುಗಳಿದ್ದರೂ ಮೂರನೆಯದಕ್ಕೆ ನೆಲದ ಸಂಪರ್ಕ ಇದ್ದಂತಿರಲಿಲ್ಲ. ಮಂಡ್ಯದಿಂದ ಬಂದ ಎಲೆಕ್ಟ್ರಿಷಿಯನ್ ಗೋಡೆಯ ಸಾಕೆಟ್ ಬಿಚ್ಚಿ ನೋಡಿದಾಗ ಹಸಿರು ತಂತಿಯು ಯಾವುದಕ್ಕೂ ಸೇರದೆ ಸುಮ್ಮನೆ ಸುತ್ತಿಕೊಂಡಿತ್ತು.

ಯಂತ್ರದ ದೋಷವೋ ಬರಿಯ ಧೂಳು. ಫ್ಯಾನು ತಿರುಗದಷ್ಟು ತುಂಬಿತ್ತು. ಒದ್ದೆ ಬಟ್ಟೆಯನ್ನು ದೂರವಿರಿಸಿ, ಒಣ ಬ್ರಷ್ಷಿನಿಂದ ಮೆಲ್ಲನೆ ತೆಗೆದದ್ದಾಯಿತು. ಮರುದಿನ ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥ್ ಹಾಕಿಸಿದರು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವ ಕೆಲಸ ಈಗ ಆ ಹುಡುಗನದೇ.